ನಾಲ್ಕನೆಯ ಪ್ರಶ್ನೆ

ಜೂನ್ 7, ಶನಿವಾರ

ಸಂಜೆ ಏಳು ಗಂಟೆ. ಇವತ್ತು ಇಡೀ ದಿನ ಬೆನ್ನು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆಯವರೆಗೆ ಪಾಠ, ಊಟವಾದ ಮೇಲೆ ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರ ಅಭ್ಯಾಸ. ಹೋದ ತಿಂಗಳು ಕುತ್ತಿಗೆ ಇತ್ತು, ಹೇಗೋ ದಾಟಿಕೊಂಡೆ. ಬೆನ್ನು ಬರುತ್ತದೆ ಎಂದು ವೇಳಾಪಟ್ಟಿ ಕೈಗೆ ಬಂದ ದಿನದಿಂದ ಗೊತ್ತಿತ್ತು.

ತರಗತಿಯಲ್ಲಿ ಹದಿನಾರು ಜನ. ಅರ್ಧ ಡಾಕ್ಟರುಗಳು, ಅರ್ಧ ನನ್ನಂಥ ಫಿಸಿಯೋಥೆರಪಿಯವರು. ಮೂಳೆ, ಕೀಲು, ಸ್ನಾಯುಗಳ ನೋವನ್ನು ಆಪರೇಷನ್ ಇಲ್ಲದೆ ಪತ್ತೆ ಮಾಡಿ ವಾಸಿ ಮಾಡುವುದನ್ನು ಕಲಿಸುವ ಸ್ನಾತಕೋತ್ತರ ಡಿಪ್ಲೊಮಾ ಇದು. ತಿಂಗಳಿಗೆ ಎರಡು ಶನಿವಾರ, ಮಾರ್ಚಿನಿಂದ ಸೆಪ್ಟೆಂಬರಿನವರೆಗೆ. ನನ್ನದು ಸಾಧಾರಣ ಓದು. ಮಿಕ್ಕವರು ಪಟಪಟನೆ ಹೇಳುವ ಹೆಸರುಗಳನ್ನು ನಾನು ಹಿಂದಿನ ದಿನ ಬರೆದುಕೊಂಡು ಬಾಯಿಪಾಠ ಮಾಡಬೇಕು.

ಪಾಠ ಮಾಡುವ ಮೇಡಂ ಒಂದು ನಿಯಮ ಇಟ್ಟಿದ್ದಾರೆ. ರೋಗಿಯನ್ನು ಮುಟ್ಟುವ ಮೊದಲು ಹನ್ನೊಂದು ಪ್ರಶ್ನೆ. ಹನ್ನೊಂದೂ ಮುಗಿಯುವವರೆಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿರಬೇಕು. ಮುಟ್ಟಿದ ಕೂಡಲೇ ಕೈ ತನಗೆ ಗೊತ್ತಿದ್ದದ್ದನ್ನೇ ಹುಡುಕುತ್ತದೆ, ಕಿವಿ ಮುಚ್ಚಿಹೋಗುತ್ತದೆ ಎನ್ನುತ್ತಾರೆ. ನನ್ನ ಜೊತೆಗಾರ ಬೇರೊಂದು ಆಸ್ಪತ್ರೆಯವನು. ಎಷ್ಟು ಉದ್ದ ಎಂದರೆ ಮಲಗಿದರೆ ಮಂಚದಾಚೆ ಮೊಣಕಾಲಿನಿಂದ ಕೆಳಗೆ ನೇತಾಡುತ್ತದೆ. ಎಲ್ಲರೂ ಉದ್ದಪ್ಪ ಎನ್ನುತ್ತಾರೆ. ಅವನು ಮೇಡಂಗೆ ಕೈಕಟ್ಟಮ್ಮ ಎಂದು ಹೆಸರಿಟ್ಟಿದ್ದಾನೆ.

ಇವತ್ತು ಅವನಿಗೆ ಹನ್ನೊಂದು ಪ್ರಶ್ನೆ ಕೇಳಿದೆ. ತೂಕ ಇಳಿದಿದೆಯಾ ಎಂದರೆ, ಇಳಿದಿದ್ದರೆ ನನ್ನ ಹೆಂಡತಿ ನಿಮಗೆ ಹಾರ ಹಾಕುತ್ತಿದ್ದಳು ಎಂದ. ಪ್ರಶ್ನೆ ಮುಗಿದವು. ಕೈ ಮುಂದೆ ತರಬೇಕಾಯಿತು. ಅಷ್ಟರಲ್ಲಿ ಪಕ್ಕದ ಮಂಚದಲ್ಲಿ ಯಾರದೋ ಸೊಂಟ ತಿರುಗಿಸಿದರು, ಟಕ್ ಎಂದಿತು. ನಾನು ಕೈ ತೊಳೆದು ಬರುತ್ತೇನೆ ಎಂದು ಹೊರಗೆ ಹೋದೆ. ನಲ್ಲಿ ಬಿಟ್ಟುಕೊಂಡು ನಿಂತೆ. ವಾಪಸು ಬಂದಾಗ ಉದ್ದಪ್ಪ ಅಂಗಿ ಹಾಕಿಕೊಳ್ಳುತ್ತಿದ್ದ.

ಜೂನ್ 8, ಭಾನುವಾರ

ಬರೆದುಬಿಡುತ್ತೇನೆ. ಬರೆಯದಿದ್ದರೆ ಅದೇ ತಲೆಯಲ್ಲಿ ಸುತ್ತುತ್ತದೆ. ಈ ಪುಸ್ತಕ ಹೇಗೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಅಕ್ಕ ಬೆನ್ನುನೋವು ಎಂದಳು. ಒದ್ದೆ ಬಟ್ಟೆಯ ಬಕೆಟ್ ಎತ್ತುವಾಗ ಹಿಡಿದುಕೊಂಡಿತಂತೆ. ಹಜಾರದಲ್ಲಿ ಕಂಬಳಿ ಹಾಸಿಕೊಂಡು ಬೋರಲು ಮಲಗಿದಳು. ಇಲ್ಲೇ, ಇನ್ನೊಂಚೂರು ಕೆಳಗೆ, ಹಾಂ ಅಲ್ಲೇ ಎಂದಳು. ಅವಳು ತೋರಿಸಿದ ಕಡೆ ನಾನು ಒತ್ತಿದೆ. ವಾರಕ್ಕೆ ಮೂರು ದಿನ, ಹತ್ತು ವಾರ. ಎರಡು ಸಲ ಸೊಂಟ ತಿರುಗಿಸಿ ಟಕ್ ಎನಿಸಿದೆ. ತುಕ್ಕು ಹಿಡಿದ ಚಿಲಕ ತೆಗೆದ ಹಾಗಾಯಿತು ಎಂದು ನಕ್ಕಳು.

ಆಸ್ಪತ್ರೆಗೆ ಬರುವ ದಾರಿಹೋಕನಿಗೂ ಕೇಳುವ ಪ್ರಶ್ನೆಗಳಲ್ಲಿ ಒಂದನ್ನೂ ಅವಳಿಗೆ ಕೇಳಲಿಲ್ಲ. ಹದಿನಾಲ್ಕು ವರ್ಷದವನಿದ್ದಾಗಿನಿಂದ ನನ್ನನ್ನು ಸಾಕಿದವಳು. ಅವಳು ಎಷ್ಟು ಗಂಟೆಗೆ ಏಳುತ್ತಾಳೆ, ಏನು ತಿನ್ನುತ್ತಾಳೆ, ಯಾವುದಕ್ಕೆ ಸಿಡುಕುತ್ತಾಳೆ ಎಲ್ಲ ಗೊತ್ತು. ಗೊತ್ತಿರುವವರನ್ನು ಏನು ಕೇಳುವುದು ಎಂದುಕೊಂಡೆ. ಹನ್ನೊಂದನೇ ವಾರ ಅವಳ ಕಾಲು ಸೋತಿತು. ಎಕ್ಸ್‌ರೇ ತೆಗೆದರು. ಸೊಂಟದ ಎರಡು ಮೂಳೆ ಒಳಗಿನಿಂದ ತಿಂದುಹೋಗಿದ್ದವು. ಬೇರೆಲ್ಲೋ ಹುಟ್ಟಿದ ಗಡ್ಡೆ ಅಲ್ಲಿಗೆ ಬಂದು ಕೂತಿತ್ತು. ನಾನು ಒತ್ತುತ್ತಿದ್ದದ್ದು ಅದರ ಮೇಲೆ.

ಜನವರಿ ಕೊನೆಯಲ್ಲಿ ಹೋದಳು.

ಆ ಹತ್ತು ವಾರವೂ ಭಾವ ಎದುರಿನ ಕುರ್ಚಿಯಲ್ಲಿ ಕೂತು ನೋಡಿದ್ದಾರೆ. ಇವತ್ತಿನವರೆಗೆ ಅದರ ಬಗ್ಗೆ ಒಂದು ಮಾತು ಆಡಿಲ್ಲ. ಆಡಿದರೆ ಮೇಲು ಎನಿಸುತ್ತದೆ, ಆಮೇಲೆ ಆಡದಿರಲಿ ಎನಿಸುತ್ತದೆ. ಇಬ್ಬರೂ ಒಂದೇ ಮನೆಯಲ್ಲಿ ಪಾಳಿ ಹಾಕಿಕೊಂಡವರ ಹಾಗೆ ಓಡಾಡುತ್ತೇವೆ. ಅವರು ಅಡುಗೆಮನೆಗೆ ಬಂದರೆ ನಾನು ಹಜಾರಕ್ಕೆ.

ಜೂನ್ 18, ಬುಧವಾರ

ಆಸ್ಪತ್ರೆಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಕರೆದಿದ್ದರು. ಹೋದ ತಿಂಗಳು ನಾನೊಬ್ಬನೇ ಇಪ್ಪತ್ತಮೂರು ಜನರನ್ನು ಎಕ್ಸ್‌ರೇಗೆ ಕಳಿಸಿದ್ದೇನಂತೆ. ಉಳಿದವರನ್ನೆಲ್ಲ ಶಾಖದ ದೀಪದ ಕೆಳಗೆ ಮಲಗಿಸಿದ್ದೇನಂತೆ. ಎಕ್ಸ್‌ರೇಯವನು ನನ್ನ ಹೆಸರಿನಲ್ಲಿ ಒಂದು ಬೆಂಚು ಹಾಕಿಸುತ್ತೇನೆ ಎಂದು ನಗೆಯಾಡಿದನಂತೆ. ಅವರು ನಗದೆ ಇನ್ನೊಂದು ಮಾತು ಹೇಳಿದರು. ಮುಂದಿನ ಜನವರಿಯಿಂದ ಡಾಕ್ಟರ ಚೀಟಿ ಇಲ್ಲದೆ ರೋಗಿಗಳನ್ನು ನೇರವಾಗಿ ನೋಡುವ ಕೆಲಸ ಈ ಡಿಪ್ಲೊಮಾ ಇದ್ದವರಿಗೆ ಮಾತ್ರ. ಇಲ್ಲದವರು ಯಂತ್ರಗಳ ಕೋಣೆಗೆ. ಹದಿಮೂರು ವರ್ಷ ಕೈಯಿಂದ ಕೆಲಸ ಮಾಡಿದವನನ್ನು ಗುಂಡಿ ಒತ್ತಲು ಕೂರಿಸುವುದು ನನಗೂ ಇಷ್ಟವಿಲ್ಲ ಎಂದರು.

ನನಗೆ ಯಂತ್ರಗಳ ಕೋಣೆ ಎಂದಾಗ ನೆಮ್ಮದಿಯಾಯಿತು. ಅದನ್ನು ಅವರಿಗೆ ಹೇಳಲಿಲ್ಲ.

ಮಧ್ಯಾಹ್ನ ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸು ಬಂದಳು. ಮೊಣಕೈ ಹೊರಬದಿ ನೋವು. ಹನ್ನೊಂದು ಪ್ರಶ್ನೆ ಕೇಳಿದೆ. ಸಾಲದೆ ಮತ್ತೂ ಎಂಟು ಕೇಳಿದೆ. ಅವಳು ಪಕ್ಕದವರಿಗೆ, ಮೊಣಕೈ ನೋವು ಅಂದರೆ ಮುತ್ತಜ್ಜಿ ಯಾವುದರಲ್ಲಿ ಸತ್ತಳು ಅಂತ ಕೇಳ್ತಾರಮ್ಮ ಎಂದಳು. ಎಕ್ಸ್‌ರೇಗೆ ಬರೆದುಕೊಟ್ಟೆ. ಮೊಣಕೈ ಮುಟ್ಟಲಿಲ್ಲ.

ಜುಲೈ 5, ಶನಿವಾರ

ಇವತ್ತು ಭುಜ. ಭುಜ ಆದ್ದರಿಂದ ಸ್ವಲ್ಪ ಧೈರ್ಯವಿತ್ತು. ಕೀಲಿನ ಚೀಲ ಬಿಗಿದುಕೊಂಡರೆ ಏನಾಗುತ್ತದೆ ಎಂದು ಮೇಡಂ ಚೆನ್ನಾಗಿ ಹೇಳಿಕೊಟ್ಟರು. ಮೊದಲು ತೋಳು ಹೊರಕ್ಕೆ ತಿರುಗುವುದು ನಿಲ್ಲುತ್ತದೆ, ಆಮೇಲೆ ಮೇಲೆತ್ತುವುದು, ಕೊನೆಗೆ ಬೆನ್ನ ಹಿಂದಕ್ಕೆ ತರುವುದು. ರೋಗಿ ಭುಜ ನೋವು ಎಂದು ಹೇಳುವ ಮೊದಲೇ ಮನೆಯಲ್ಲಿ ಗೊತ್ತಾಗುತ್ತದೆ, ತಲೆ ಬಾಚುವುದು ನೋಡಿ, ಅಂಗಿ ತೊಡುವುದು ನೋಡಿ ಎಂದರು. ಎಲ್ಲ ಬರೆದುಕೊಂಡೆ.

ಉದ್ದಪ್ಪನ ಭುಜದ ಮೇಲೆ ಎರಡು ಬೆರಳು ಇಟ್ಟೆ. ನಿಮ್ಮ ಬೆರಳು ಐಸ್‌ಕ್ಯಾಂಡಿ ಆಗಿದೆ ಎಂದ.

ಮನೆಗೆ ಬಂದಾಗ ಭಾವ ಬಾಗಿಲಲ್ಲಿ ನಿಂತಿದ್ದರು. ಅಟ್ಟದ ಮೇಲಿನ ಪೇಂಟಿನ ಡಬ್ಬ ಇಳಿಸಿಕೊಡು ಎಂದರು. ಅವರು ನನಗಿಂತ ಒಂದು ಗೇಣು ಎತ್ತರ, ಮೂವತ್ತು ವರ್ಷದಿಂದ ಏಣಿ ಹತ್ತಿ ಗೋಡೆಗಳಿಗೆ ಬಣ್ಣ ಬಳಿಯುವವರು. ಇಳಿಸಿಕೊಟ್ಟೆ. ನನ್ನನ್ನು ಮಾತಿಗೆ ಎಳೆಯಲು ಒಂದು ನೆಪ ಇರಬೇಕು ಎಂದುಕೊಂಡು ಎರಡು ನಿಮಿಷ ಅಲ್ಲೇ ನಿಂತೆ. ಅವರು ಎಡಗೈಯಲ್ಲಿ ಡಬ್ಬ ತೆಗೆದುಕೊಂಡು ಹಿತ್ತಲಿಗೆ ಹೋದರು.

ಜುಲೈ 20, ಭಾನುವಾರ

ಡಿಪ್ಲೊಮಾಕ್ಕೆ ಇಪ್ಪತ್ತು ಕೇಸುಗಳನ್ನು ಬರೆದು ಕೊಡಬೇಕು. ಅದರಲ್ಲಿ ಒಂದು ನಾವು ತಪ್ಪಿದ ಕೇಸು ಆಗಿರಬೇಕು. ಹತ್ತೊಂಬತ್ತು ಬರೆದಾಗಿದೆ. ಇವತ್ತು ಬೆಳಗಿನಿಂದ ಇಪ್ಪತ್ತನೆಯದಕ್ಕೆ ಕೂತಿದ್ದೆ. ಬೇರೆ ಯಾವುದನ್ನಾದರೂ ಬರೆಯಬಹುದಿತ್ತು. ಪೆನ್ನು ಬೇರೆ ಯಾವುದಕ್ಕೂ ಹೋಗಲಿಲ್ಲ.

‘ಮಹಿಳೆ, 48 ವರ್ಷ, ಮನೆಗೆಲಸ, ಬರೆಯುವವನಿಗೆ ಪರಿಚಿತರು’ ಎಂದು ಶುರುಮಾಡಿದೆ. ಎರಡೂವರೆ ಪುಟವಾಯಿತು.

ಭಾವ ಅಡುಗೆಮನೆಗೆ ಬಣ್ಣ ಹಚ್ಚುತ್ತಿದ್ದಾರೆ. ಅಕ್ಕ ಎರಡು ವರ್ಷದಿಂದ ಕೇಳುತ್ತಿದ್ದ ತಿಳಿಹಸಿರು. ಕಿಟಕಿಯ ಮೇಲೆ ಮೂಲೆಯಲ್ಲಿ ಒಂದು ಚೌಕ ಹಾಗೇ ಬಿಟ್ಟಿದ್ದಾರೆ, ಹಳೇ ಹೊಗೆಯ ಬಣ್ಣದಲ್ಲೇ. ಅವಳ ನೆನಪಿಗೆ ಬಿಟ್ಟಿರಬೇಕು. ಕೇಳಲಿಲ್ಲ.

ಆಗಸ್ಟ್ 2, ಶನಿವಾರ

ಕೇಸು ಪುಸ್ತಕ ವಾಪಸು ಬಂತು. ಹತ್ತೊಂಬತ್ತಕ್ಕೂ ಕೆಂಪು ಶಾಯಿಯಲ್ಲಿ ಸರಿ ಗುರುತು. ಇಪ್ಪತ್ತನೆಯದರ ಅಂಚಿನಲ್ಲಿ ಮೇಡಂ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ: ‘ನಾಲ್ಕನೆಯ ಪ್ರಶ್ನೆಗೆ ಉತ್ತರವಿಲ್ಲ. ಕೇಸು ಅಪೂರ್ಣ.’

ನಾಲ್ಕನೆಯ ಪ್ರಶ್ನೆ ಎಂದರೆ, ನೋವು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿತ್ತೇ? ಮಗ್ಗುಲು ಬದಲಿಸಿದರೂ ಹೋಗುತ್ತಿರಲಿಲ್ಲವೇ?

ನಾನು ಕೇಳಿರಲಿಲ್ಲ. ನನ್ನ ಕೋಣೆ ಮನೆಯ ಮುಂಭಾಗದಲ್ಲಿ, ಅವರದು ಹಿಂದೆ. ಅವಳು ಮಲಗುತ್ತಿದ್ದಳೋ ಇಲ್ಲವೋ ನನಗೇನು ಗೊತ್ತು.

ಆಗಸ್ಟ್ 3, ಭಾನುವಾರ

‘ತಿಳಿದಿಲ್ಲ’ ಎಂದು ಬರೆದೆ.

ಆಗಸ್ಟ್ 16, ಶನಿವಾರ

ಮತ್ತೆ ವಾಪಸು. ‘ತಿಳಿದಿಲ್ಲ ಎಂಬುದು ಉತ್ತರವಲ್ಲ. ಮನೆಯವರನ್ನು ಕೇಳಿ ಬರೆಯಿರಿ.’

ತರಗತಿ ಮುಗಿದ ಮೇಲೆ ನಾನು ಮಂಚದ ಹೊದಿಕೆ ಮಡಿಸುತ್ತಿದ್ದೆ. ಮೇಡಂ ಬಂದು ಹೊದಿಕೆಯ ಇನ್ನೊಂದು ತುದಿ ಹಿಡಿದರು. ಇಬ್ಬರೂ ಮಡಿಸಿದೆವು. ಆ ರೋಗಿ ಯಾರು ಎಂದು ಕೇಳುತ್ತಾರೆ ಎಂದುಕೊಂಡೆ. ಅವರು ಕೇಳಲಿಲ್ಲ. “ನಿಮ್ಮ ಪ್ರಶ್ನೆಗಳು ಈ ತರಗತಿಯಲ್ಲೇ ಎಲ್ಲರಿಗಿಂತ ಚೆನ್ನಾಗಿವೆ” ಎಂದರು. ಹೊದಿಕೆ ಕಪಾಟಿನಲ್ಲಿಟ್ಟು, “ಆದರೆ ಕೈ ಹಿಂದೆ ಕಟ್ಟಿ ಅಂದದ್ದು ಆಮೇಲೆ ಮುಂದೆ ತರಲಿ ಅಂತ” ಎಂದರು.

ಭಾವನನ್ನು ಕೇಳಬೇಕು. ಬೇರೆ ಯಾರೂ ಇಲ್ಲ.

ಎರಡರಲ್ಲಿ ಯಾವ ಉತ್ತರಕ್ಕೆ ಹೆಚ್ಚು ಹೆದರಿಕೆ ಎಂದು ಬಸ್ಸಿನಲ್ಲಿ ಯೋಚಿಸಿದೆ. ಚೆನ್ನಾಗಿ ಮಲಗುತ್ತಿದ್ದಳು ಎಂದರೆ, ಕೇಳಿದ್ದರೂ ಗೊತ್ತಾಗುತ್ತಿರಲಿಲ್ಲ. ಮಲಗುತ್ತಿರಲಿಲ್ಲ ಎಂದರೆ, ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಹತ್ತು ವಾರ ನನ್ನ ಬಾಯಿ ಎಲ್ಲಿ ಹೋಗಿತ್ತು?

ಆಗಸ್ಟ್ 27, ಬುಧವಾರ

ಕೇಳಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಇವತ್ತೂ ಇಲ್ಲ. ಭಾವ ಊಟ ಬಡಿಸುತ್ತಿದ್ದರು. ಭಾವ ಎಂದೆ. ಏನು ಎಂದರು. ಉಪ್ಪು ಎಂದೆ.

ಸೆಪ್ಟೆಂಬರ್ 27, ಶನಿವಾರ

ಪರೀಕ್ಷೆ. ಬೆಳಿಗ್ಗೆ ಬರೆಯುವುದು, ಮಧ್ಯಾಹ್ನ ರೋಗಿ. ಬರೆಯುವುದು ಸುಮಾರಾಗಿ ಆಯಿತು.

ನನಗೆ ಬಂದ ರೋಗಿ ಲಾರಿಗೆ ಮೂಟೆ ಹೇರುವವನು, ಮೂವತ್ತರ ಆಸುಪಾಸು. ನಾಲ್ಕು ದಿನದ ಹಿಂದೆ ಮೂಟೆ ಎತ್ತುವಾಗ ಸೊಂಟ ಹಿಡಿದು ಒಂದು ಕಡೆ ವಾಲಿಕೊಂಡೇ ನಡೆಯುತ್ತಿದ್ದ. ಹೊರಗಿನಿಂದ ಬಂದ ಪರೀಕ್ಷಕರು ಇಬ್ಬರು, ಮೂಲೆಯಲ್ಲಿ ಮೇಡಂ. ಕೈ ಹಿಂದೆ ಕಟ್ಟಿಕೊಂಡು ಹನ್ನೊಂದೂ ಕೇಳಿದೆ. ರಾತ್ರಿ ಚೆನ್ನಾಗಿ ಮಲಗುತ್ತಾನೆ, ತೂಕ ಇಳಿದಿಲ್ಲ, ಕಾಲಿನ ಬಲ ಸರಿಯಿದೆ. ಯಾವ ಉತ್ತರದಲ್ಲೂ ಕೆಟ್ಟದ್ದೇನೂ ಇಲ್ಲ. ಮುಂದುವರಿಯಿರಿ ಎಂದರು ಪರೀಕ್ಷಕರು. ಅವನು ಅಂಗಿ ತೆಗೆದು ಬೋರಲು ಮಲಗಿದ. ಸೊಂಟ ತಿರುಗಿಸಿ ಸರಿಮಾಡಿ ತೋರಿಸಬೇಕಿತ್ತು. ತರಗತಿಯಲ್ಲಿ ಎಲ್ಲರಿಗೂ ಬರುವ ಕೆಲಸ. ನನಗೂ ಬರುತ್ತಿದ್ದ ಕೆಲಸ.

ಎಕ್ಸ್‌ರೇ ಬೇಕು ಎಂದೆ. ಪರೀಕ್ಷಕರು ಲಕೋಟೆಯಿಂದ ತೆಗೆದು ಬೆಳಕಿಗೆ ಹಿಡಿದರು. ಮೂಳೆಗಳು ಸ್ವಚ್ಛವಾಗಿದ್ದವು. ರಕ್ತ ಪರೀಕ್ಷೆ ಬೇಕು ಎಂದೆ. ಯಾಕೆ ಎಂದರು. ಎಕ್ಸ್‌ರೇಯನ್ನು ಈಸಿಕೊಂಡು ನಾನೂ ಬೆಳಕಿಗೆ ಹಿಡಿದೆ. ಅಷ್ಟರಲ್ಲಿ ಮಲಗಿದ್ದವನು ದಿಂಬಿನೊಳಗಿಂದಲೇ, “ಯಾರಾದ್ರೂ ಒಬ್ರು ಮುಟ್ಟಿ ಸ್ವಾಮಿ, ಬೆನ್ನು ತಣ್ಣಗಾಗ್ತಿದೆ” ಎಂದ.

ಮುಟ್ಟಿದೆ. ಎರಡು ಬೆರಳು ಇಟ್ಟು ಒತ್ತದೆ ಹಾಗೇ ನಿಂತೆ, ಅವನು ಕತ್ತು ತಿರುಗಿಸಿ ನನ್ನ ಮುಖ ನೋಡಿದ. ಗಂಟೆ ಹೊಡೆಯಿತು.

ಅಕ್ಟೋಬರ್ 4, ಶನಿವಾರ

ಫಲಿತಾಂಶದ ಕಾಗದ. ಬರವಣಿಗೆ ತೇರ್ಗಡೆ. ಕೇಸುಗಳು, ಇಪ್ಪತ್ತನೆಯದು ಪೂರ್ಣವಾಗುವ ಷರತ್ತಿನ ಮೇಲೆ ತೇರ್ಗಡೆ. ಕೈಕೆಲಸದಲ್ಲಿ ತೇರ್ಗಡೆ ಇಲ್ಲ. ನವೆಂಬರ್ 8ಕ್ಕೆ ಮರುಪರೀಕ್ಷೆ, ಅದು ಕೊನೆಯ ಅವಕಾಶ. ಮರುಪರೀಕ್ಷೆಗೆ ರೋಗಿಯನ್ನು ಅಭ್ಯರ್ಥಿಯೇ ಕರೆತರಬೇಕು, ತಾನು ಕನಿಷ್ಠ ಮೂರು ವಾರ ಕೈಯಾರೆ ಚಿಕಿತ್ಸೆ ಕೊಟ್ಟವರಾಗಿರಬೇಕು ಎಂದಿದೆ.

ಅಂಥವರು ನನ್ನ ಬಳಿ ಒಬ್ಬರೂ ಇಲ್ಲ. ಒಂಬತ್ತು ತಿಂಗಳಿನಿಂದ ಎಲ್ಲರೂ ದೀಪದ ಕೆಳಗೆ.

ಉದ್ದಪ್ಪ ಪಾಸು. ಬೇಕಾದರೆ ನನ್ನ ಭುಜವನ್ನೇ ಮುರಿದುಕೊಂಡು ನಿಮಗೆ ರೋಗಿಯಾಗಿ ಬರುತ್ತೇನೆ ಎಂದು ಹೇಳಿಕಳಿಸಿದ್ದಾನೆ.

ಅಕ್ಟೋಬರ್ 5, ಭಾನುವಾರ

ಕೇಳಿದೆ.

ಎಲ್ಲವನ್ನೂ ನಡೆದ ಹಾಗೆ ಬರೆಯಬೇಕು, ಇಲ್ಲದಿದ್ದರೆ ಆಮೇಲೆ ಮನಸ್ಸಿನಲ್ಲಿ ಬದಲಾಯಿಸಿಕೊಳ್ಳುತ್ತೇನೆ.

ಸಂಜೆ ಐದು ಗಂಟೆ. ಭಾವ ಹಿತ್ತಲ ಕಟ್ಟೆಯ ಮೇಲೆ ಕೂತು ಕುಂಚ ತೊಳೆಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಅವರು ತಲೆ ಎತ್ತದೆ, ಏನು, ಮೇಷ್ಟರ ಮುಂದೆ ನಿಂತ ಹಾಗೆ ನಿಂತಿದ್ದೀಯ ಎಂದರು. ಆಗ ನೋಡಿಕೊಂಡೆ, ನನ್ನ ಎರಡೂ ಕೈ ಬೆನ್ನ ಹಿಂದೆ ಇದ್ದವು.

“ಭಾವ, ಅಕ್ಕನಿಗೆ ರಾತ್ರಿ ನಿದ್ದೆ ಬರ್ತಿತ್ತಾ?”

ಕುಂಚ ನಿಂತಿತು. ಬಕೆಟ್ಟಿನಲ್ಲಿ ಹಸಿರು ನೀರು ಸುತ್ತಿ ಸುತ್ತಿ ನಿಧಾನವಾಯಿತು.

“ಬರ್ತಿರಲಿಲ್ಲ” ಎಂದರು. “ಮೊದಲ ವಾರದಿಂದ್ಲೂ ಕುರ್ಚಿ ಮೇಲೆ ಕೂತೇ ಬೆಳಗು ಮಾಡ್ತಿದ್ಲು. ನಿನಗೆ ಹೇಳಬೇಡ ಅಂದಿದ್ಲು. ‘ಅವನ ಕೈ ಹಿಡೀತಿಲ್ಲ ಅಂತ ಗೊತ್ತಾದ್ರೆ ಮುಖ ಸಣ್ಣದು ಮಾಡ್ಕೋತಾನೆ’ ಅಂದಿದ್ಲು.”

ನಾನು ಹೊಸಿಲ ಮೇಲೆ ಕೂತುಬಿಟ್ಟೆ. ಅವರು ಮತ್ತೆ ಕುಂಚ ತೊಳೆಯಲು ಶುರುಮಾಡಿದರು. ತೊಳೆದದ್ದನ್ನೇ ತೊಳೆಯುತ್ತಿದ್ದರು. ಆಮೇಲೆ ಹೇಳಿದರು: “ನೀನು ಅವಳ ಬೆನ್ನು ತಿರುಗಿಸುವಾಗೆಲ್ಲ ಎದುರಿಗೇ ಕೂತಿದ್ದೆ. ಈಗ ಕೇಳ್ತಾನೆ, ಈಗ ಕೇಳ್ತಾನೆ ಅಂತ. ನೀನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವಳು ಹೋದ ಮೇಲೆ, ಇನ್ನು ಕೇಳಿಬಿಟ್ರೆ ಏನು ಮಾಡೋದು ಅಂತ ನೀನು ಬಂದ ಕಡೆಯಿಂದ ಎದ್ದು ಹೋಗ್ತಿದ್ದೆ.”

ನಾನು ಎದ್ದು ಹೋಗುತ್ತಿದ್ದೇನೆ ಎಂದುಕೊಂಡಿದ್ದೆ. ಅವರೂ ಎದ್ದು ಹೋಗುತ್ತಿದ್ದರು.

ಬಾಯಿಗೆ ಮತ್ತೆ ಅದೇ ಬಂತು. “ನಿಮಗೆ? ನಿಮಗೆ ಬರುತ್ತಾ ನಿದ್ದೆ?”

“ಬಲ ಮಗ್ಗುಲಿಗೆ ಹೊರಳದಿದ್ರೆ ಬರುತ್ತೆ.”

ಅಟ್ಟದ ಡಬ್ಬ. ಮೂಲೆಯ ಚೌಕ. ಎಡಗೈಯಲ್ಲಿ ಬಡಿಸುವುದು. ಬೇಸಿಗೆಯಿಂದ ಬರೀ ಮುಂದೆ ಗುಂಡಿ ಇರುವ ಅಂಗಿಗಳು. ತಲೆಯ ಬಲಗಡೆ ಕೂದಲು ಯಾವಾಗಲೂ ಕೆದರಿಕೊಂಡಿರುವುದು. ಭುಜದ ಪಾಠ ಬರೆದುಕೊಂಡು ಅವತ್ತೇ ಸಂಜೆ ಅವರ ಎದುರಿಗೆ ಎರಡು ನಿಮಿಷ ನಿಂತಿದ್ದೆ.

ಎಷ್ಟು ದಿನದಿಂದ ಎಂದೆ. ಏಪ್ರಿಲ್ ಇರಬೇಕು ಎಂದರು. ಕೆಲಸ? ಎಡಗೈಯಲ್ಲಿ ಆದಷ್ಟು, ಮೇಲಿನದನ್ನು ಜೊತೆಯವರು ಮಾಡುತ್ತಾರೆ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಲು ಹೋಗಿ ನಿಲ್ಲಿಸಿದೆ. ಯಾಕೆ ಎಂದು ಗೊತ್ತು. ಇನ್ನೊಂದು ಸಲ ಆ ಕಂಬಳಿ ಹಾಸುವುದು ಅವರಿಗೂ ಬೇಕಿರಲಿಲ್ಲ.

ಐದನೆಯ ಪ್ರಶ್ನೆ ತೂಕ. “ಇಳಿದಿದೆ” ಎಂದರು. ಎಷ್ಟು? ಪ್ಯಾಂಟು ಸಡಿಲ, ಬೆಲ್ಟಿಗೆ ಎರಡು ಹೊಸ ತೂತು ಮಾಡಿಸಿದ್ದಾರೆ.

ಹನ್ನೊಂದೂ ಕೇಳಿ ಮುಗಿಸಿದೆ. ಮುಟ್ಟಲಿಲ್ಲ. ನಾಳೆ ಬೆಳಿಗ್ಗೆ ಎಕ್ಸ್‌ರೇ, ರಕ್ತ ಎರಡೂ.

ಅಕ್ಟೋಬರ್ 6, ಸೋಮವಾರ

ಎಕ್ಸ್‌ರೇಯವನು ನನ್ನನ್ನು ನೋಡಿ ಬೆಂಚು ತೋರಿಸಿ ನಗಲು ಹೋದ. ನನ್ನ ಹಿಂದೆ ಭಾವ ನಿಂತಿದ್ದನ್ನು ನೋಡಿ ಸುಮ್ಮನಾದ. ಎದೆಯದೂ ತೆಗೆ ಎಂದೆ. ತೆಗೆದ. ವರದಿ ಬುಧವಾರ.

ಅಕ್ಟೋಬರ್ 7, ಮಂಗಳವಾರ

ಏನೂ ಮಾಡಲಾಗಲಿಲ್ಲ. ದೀಪದ ಕೆಳಗೆ ಮಲಗಿಸಿದ್ದ ಅಜ್ಜನನ್ನು ಮರೆತೇಬಿಟ್ಟಿದ್ದೆ, ಅವನೇ ಕೂಗಿದ. ಅಕ್ಕನಿಗೂ ಪ್ಯಾಂಟು ಸಡಿಲವಾದ ಹಾಗೆ ಏನಾದರೂ ಆಗಿತ್ತೇ? ರವಿಕೆ ಹಿಡಿಸಿಕೊಂಡಿದ್ದಳೇ? ಹೊಲಿಗೆ ಪೆಟ್ಟಿಗೆ ತೆಗೆದು ನೋಡಿದೆ. ಯಾಕೆ ನೋಡಿದೆನೋ.

ಅಕ್ಟೋಬರ್ 8, ಬುಧವಾರ

ಮೂಳೆ ಸರಿಯಿದೆ. ಎದೆ ಸರಿಯಿದೆ. ಸಕ್ಕರೆ ಬಹಳ ಜಾಸ್ತಿ ಇದೆ, ತೂಕ ಅದಕ್ಕೇ ಇಳಿದಿರಬೇಕು ಎಂದರು ಡಾಕ್ಟರು. ಸಕ್ಕರೆ ಇದ್ದವರಿಗೆ ಭುಜ ಬಿಗಿಯುವುದು ಹೆಚ್ಚು. ಮಾತ್ರೆ ಬರೆದುಕೊಟ್ಟರು.

ಚಿತ್ರವನ್ನು ನಾನೇ ಮೂರು ಸಲ ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಎಕ್ಸ್‌ರೇಯವನಿಗೆ ತೋರಿಸಿದೆ. ಆಮೇಲೆ ಮಧ್ಯಾಹ್ನದ ಬಸ್ಸು ಹಿಡಿದು ಮೇಡಂ ಇರುವಲ್ಲಿಗೆ ಹೋದೆ. ಅವರು ಅದನ್ನು ಕಿಟಕಿಗೆ ಒರಗಿಸಿ ಬಹಳ ಹೊತ್ತು ನೋಡಿದರು. ಸ್ವಚ್ಛವಾಗಿದೆ ಎಂದರು. ಯಾರು ಎಂದರು. ನಮ್ಮ ಭಾವ ಎಂದೆ. ಚಿತ್ರವನ್ನು ಲಕೋಟೆಗೆ ಹಾಕಿ, ಇಪ್ಪತ್ತನೆಯ ಕೇಸು ಅವರ ಹೆಂಡತಿಯೇ ಎಂದರು. ಹೌದು ಎಂದೆ. ಉತ್ತರ ಸಿಕ್ಕಿತೇ ಎಂದರು. ಸಿಕ್ಕಿತು ಎಂದೆ. ಬರೆದು ತನ್ನಿ ಎಂದರು, ಅಷ್ಟೇ. ಸಮಾಧಾನ ಹೇಳುತ್ತಾರೇನೋ ಎಂದು ಕಾದೆ. ಹೇಳದಿದ್ದದ್ದೇ ಒಳ್ಳೆಯದಾಯಿತು.

ಅಕ್ಟೋಬರ್ 9, ಗುರುವಾರ

ಹಜಾರದಲ್ಲಿ ಬೇಡ ಎಂದರು ಭಾವ. ನನಗೂ ಬೇಡವಾಗಿತ್ತು. ಅಡುಗೆಮನೆಯ ಊಟದ ಮೇಜನ್ನು ಗೋಡೆಯಿಂದ ಎಳೆದು ಅದರ ಮೇಲೆ ಮಲಗಿಸಿದೆ. ಹನ್ನೊಂದು ಪ್ರಶ್ನೆ ಮತ್ತೆ ಕೇಳಿದೆ. ಮೊನ್ನೆ ಕೇಳಿದೆಯಲ್ಲೋ, ಉತ್ತರ ಬದಲಾಗಲು ನಾನೇನು ಕೋರ್ಟಿನ ಸಾಕ್ಷಿಯೇ ಎಂದರು.

ಕೈ ಇಟ್ಟೆ. ತೋಳು ಹೊರಕ್ಕೆ ತಿರುಗುವುದೇ ಇಲ್ಲ, ಗೋಡೆಗೆ ಮೊಳೆ ಹೊಡೆದ ಹಾಗೆ. ಮೇಲೆ ಭುಜದ ಮಟ್ಟದವರೆಗೆ. ಹಿಂದೆ ಪ್ಯಾಂಟಿನ ಜೇಬಿನವರೆಗೆ. ಪುಸ್ತಕದಲ್ಲಿ ಇದ್ದ ಹಾಗೇ ಇದೆ. ಆದರೂ ಪ್ರತಿ ಸಲ ಎಳೆಯುವಾಗ, ಈಗ ಏನಾದರೂ ಟಕ್ ಎನ್ನುತ್ತದೆ ಎಂದು ಕಿವಿ ನೆಟ್ಟಗಾಗುತ್ತಿತ್ತು. ಎನ್ನಲಿಲ್ಲ. ಹತ್ತು ನಿಮಿಷ ಮಾಡಿದೆ. ಕೈ ಬೆವರಿ ಜಾರಿತು. ಅವರು ಮೂಲೆಯ ಚೌಕ ನೋಡುತ್ತ ಮಲಗಿದ್ದರು.

ಅಕ್ಟೋಬರ್ 17, ಶುಕ್ರವಾರ

ಮರುಪರೀಕ್ಷೆಗೆ ರೋಗಿಯಾಗಿ ಬರಲು ಭಾವ ಒಪ್ಪಿದ್ದಾರೆ, ಚಿಕಿತ್ಸೆ ದಿನ ಬಿಟ್ಟು ದಿನ. ಹೊರಕ್ಕೆ ತಿರುಗುವುದು ಒಂದು ಬೆರಳಿನಷ್ಟು ಬಂದಿದೆ. ಇಲ್ಲವೆಂದು ಅವರು, ಇದೆ ಎಂದು ನಾನು. ಕೊನೆಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದೆವು. ಹೊಸ ಬಣ್ಣದ ಗೋಡೆ ಹಾಳುಮಾಡಿದೆ ಎಂದು ಬೈದರು.

ನೋವು ಜಾಸ್ತಿಯಾದರೆ ತಕ್ಷಣ ಹೇಳಿ, ಮುಚ್ಚಿಡಬೇಡಿ ಎಂದು ಪ್ರತಿ ಸಲ ಹೇಳುತ್ತೇನೆ. ಇವತ್ತು ಅವರು, “ಹೇಳ್ತೀನಿ ಕಣೋ. ಒಬ್ಬಳು ಹೇಳದೆ ಹೋದದ್ದು ಸಾಕು” ಎಂದರು.

ಅವಳ ಹೆಸರು ಎತ್ತದಿದ್ದರೂ ಅವಳ ಬಗ್ಗೆ ಮಾತಾಡಿದ್ದು ಇದೇ ಎರಡನೆಯ ಸಲ.

ಇಪ್ಪತ್ತನೆಯ ಕೇಸು ಕಳಿಸಿದೆ. ನಾಲ್ಕನೆಯ ಪ್ರಶ್ನೆಯ ಮುಂದೆ: ‘ಹೌದು, ಮೊದಲ ವಾರದಿಂದಲೂ. ಕೇಳಿದ್ದರೆ ಆ ವಾರವೇ ಗೊತ್ತಾಗುತ್ತಿತ್ತು.’ ಉಳಿಯುತ್ತಿದ್ದಳೇ ಎಂಬುದು ಹನ್ನೊಂದರಲ್ಲಿ ಇಲ್ಲ.

ಅಕ್ಟೋಬರ್ 24, ಶುಕ್ರವಾರ

ಬೇಕರಿಯ ಹೆಂಗಸು ಮತ್ತೆ ಬಂದಿದ್ದಳು. ಜೂನ್‌ನಿಂದ ಎಲ್ಲೆಲ್ಲೋ ಸುತ್ತಿ ಬಂದಿದ್ದಾಳೆ, ಮೊಣಕೈ ಹಾಗೇ ಇದೆ. ಈ ಸಲ ಮುತ್ತಜ್ಜಿಯನ್ನು ಬಿಟ್ಟುಬಿಡಿ ಎಂದಳು. ಹನ್ನೊಂದು ಕೇಳಿ, ಮೊಣಕೈಯ ಆ ಒಂದು ಸ್ನಾಯುವಿನ ಬುಡದಲ್ಲಿ ಬೆರಳಿಟ್ಟು ಅಡ್ಡಡ್ಡ ಉಜ್ಜಿದೆ, ಹನ್ನೆರಡು ನಿಮಿಷ. ಹಿಟ್ಟು ನಾದುವವಳಿಗೇ ನಾದಿಬಿಟ್ಟಿರಿ ಎಂದಳು. ಸೋಮವಾರ ಬರಲು ಹೇಳಿದೆ.

ಅವಳ ಮೊದಲು ನಾಲ್ವರು, ಆಮೇಲೆ ಮೂವರು. ದೀಪದ ಬಲ್ಬು ಸುಟ್ಟುಹೋಗಿ ನಾಲ್ಕು ದಿನವಾಯಿತಂತೆ, ಇವತ್ತು ಆಯಾ ಹೇಳಿದಳು. ನಾನು ನೋಡಿರಲಿಲ್ಲ.

ನವೆಂಬರ್ 2, ಭಾನುವಾರ

ಕೆಟ್ಟ ದಿನ. ಭಾವ ಮೇಜಿನ ಮೇಲೆ ನೋವಿಗೆ ಹಾಯ್ ಎಂದರು. ನಾನು ಕೈ ಬಿಟ್ಟು ಹಿಂದಕ್ಕೆ ಸರಿದುಬಿಟ್ಟೆ, ಬೆನ್ನು ಕಪಾಟಿಗೆ ಬಡಿಯಿತು. ಒಂದು ಲೋಟ ಬಿದ್ದು ಒಡೆಯಿತು. ಏನೂ ಇಲ್ಲ, ಎಳೆದದ್ದು ಸ್ವಲ್ಪ ಜಾಸ್ತಿಯಾಯಿತು, ಹೇಳು ಎಂದು ನೀನೇ ಹೇಳಿದ್ದಕ್ಕೆ ಹೇಳಿದೆ ಎಂದರು. ನಾನು ಹೊರಗೆ ಹೋಗಿ ನಿಂತೆ. ಚಿತ್ರದಲ್ಲಿ ಕಾಣದ್ದು ಏನಾದರೂ ಇದ್ದರೆ? ಶನಿವಾರ ಮೂರು ಜನರ ಎದುರಿಗೆ ನನ್ನ ಕೈಯಲ್ಲೇ ಅದು ಸಿಕ್ಕಿದರೆ?

ಒಳಗೆ ಬಂದಾಗ ಅವರು ಗಾಜು ಗುಡಿಸಿದ್ದರು. ಮತ್ತೆ ಮೇಜಿನ ಮೇಲೆ ಮಲಗಿದ್ದರು. ಬಾ, ಇನ್ನೂ ಆರು ನಿಮಿಷ ಬಾಕಿ ಇದೆ ಎಂದರು. ಗಡಿಯಾರ ನೋಡಿಕೊಂಡಿದ್ದರು.

ಆರು ನಿಮಿಷ ಮಾಡಿದೆ.

ನವೆಂಬರ್ 7, ಶುಕ್ರವಾರ

ಸಂಜೆ ಆರೂವರೆ. ಇವತ್ತು ಆಸ್ಪತ್ರೆಯಲ್ಲಿ ಒಂಬತ್ತು ಜನ. ಒಬ್ಬರನ್ನು ಎಕ್ಸ್‌ರೇಗೆ ಕಳಿಸಿದೆ, ಕಳಿಸಬೇಕಾಗಿತ್ತು. ಮುಖ್ಯಸ್ಥರು ಈ ತಿಂಗಳು ಕರೆಯಲಿಲ್ಲ, ಮರೆತಿರಬೇಕು.

ನಾಳೆಯ ಹೆದರಿಕೆ ಬೆಳಗಿನಿಂದ ಇದೆ. ಕೈ ತಣ್ಣಗಿದೆಯೇ ಎಂದು ಕೆನ್ನೆಗೆ ಇಟ್ಟುಕೊಂಡು ನೋಡುತ್ತೇನೆ, ಗೊತ್ತಾಗುವುದಿಲ್ಲ. ಪರೀಕ್ಷಕರು ಕೊನೆಯಲ್ಲಿ ಕೀಲನ್ನು ಪೂರ್ತಿ ಎಳೆದು ತೋರಿಸು ಎನ್ನುತ್ತಾರೆ, ಭಾವ ಮತ್ತೆ ಹಾಯ್ ಎನ್ನುತ್ತಾರೆ, ಆಗ ಏನು ಮಾಡುತ್ತೇನೋ ಗೊತ್ತಿಲ್ಲ. ಭಾವನಿಗೆ ಅದನ್ನು ಹೇಳಿದೆ. ಹಾಯ್ ಎನ್ನದೆ ಹಲ್ಲು ಕಚ್ಚಿಕೊಂಡಿರಲೇ ಎಂದು ಕೇಳಿದರು. ಬೇಡ, ನೋವಾದರೆ ಹೇಳಲೇಬೇಕು ಎಂದೆ. ಹಾಗಾದರೆ ನೀನು ಫೇಲಾದರೆ ನನ್ನನ್ನು ಬೈಯಬೇಡ ಎಂದರು.

ಅಕ್ಕ ಇದ್ದಾಗ ನಾನು ಹೊಸದೇನಾದರೂ ಕಲಿತು ಬಂದ ಸಂಜೆ ಭಾವ ಒಂದು ಮಾತು ಕೇಳುತ್ತಿದ್ದರು. ಇವತ್ತು ಊಟಕ್ಕೆ ತಟ್ಟೆ ಇಡುತ್ತ ಮತ್ತೆ ಕೇಳಿದರು: “ಕುತ್ತಿಗೆ ಆಯ್ತು, ಬೆನ್ನು ಆಯ್ತು, ಭುಜ ಆಯ್ತು. ತಲೆ ಯಾವಾಗ ಕಲಿಸ್ತಾರೆ? ನಿನಗೆ ಬೇಕಾಗಿರೋದು ಅದು.” ತಟ್ಟೆಯನ್ನು ಬಲಗೈಯಲ್ಲಿ ಇಟ್ಟರು.

ಪೆನ್ಸಿಲ್ ಗೆರೆಗಳು ಈಗ ಐದು. ಮೂಲೆಯ ಚೌಕಕ್ಕೆ ಇನ್ನೂ ಕೈ ಎಟಕುವುದಿಲ್ಲ, ಅದು ಹಾಗೇ ಇದೆ. ನಾನು ಸ್ಟೂಲು ಹತ್ತಿ ಬಳಿದುಬಿಡುತ್ತೇನೆ ಎಂದರೆ ಬೇಡ, ಅದು ನನ್ನ ಪಾಲಿನದು ಎಂದರು.

ಎಕ್ಸ್‌ರೇ ಲಕೋಟೆ, ಕೇಸು ಪುಸ್ತಕ, ಸಕ್ಕರೆ ಮಾತ್ರೆ ಚೀಲದಲ್ಲಿವೆ. ಭಾವ ಗುಂಡಿಯ ಅಂಗಿಯನ್ನು ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ್ದಾರೆ. ನಾಳೆ ನಾವು ಎಂಟು ಹತ್ತರ ಬಸ್ಸಿಗೆ ಹೊರಡಬೇಕು.